ಹೆಸರಿಲ್ಲದ ಬಟನ್

ಅಂಗವಿಕಲರಿಗೆ ನೆರವಾಗುವ ಆ್ಯಪ್‌ಗಳಿಗೆ ಈಗ ಬರವಿಲ್ಲ. ರಿಸರ್ವ್ ಬ್ಯಾಂಕ್ 2020ರ ಜನವರಿ 1ರಂದು ಹೊರತಂದ ‘ಮನಿ’ ಆ್ಯಪ್ ಕ್ಯಾಮೆರಾದ ಮುಂದೆ ಹಿಡಿದ ನೋಟು ಎಷ್ಟು ರೂಪಾಯಿಯದೆಂದು ಹೇಳುತ್ತದೆ. ಅದಕ್ಕೆ ಇಂಟರ್‌ನೆಟ್ ಬೇಕಿಲ್ಲ. ಮೊದಲು ಹಿಂದಿ, ಇಂಗ್ಲಿಷ್‌ನಲ್ಲಷ್ಟೇ ಇದ್ದ ಅದು ಈಗ ಕನ್ನಡ, ತೆಲುಗಿನಲ್ಲೂ ಮಾತಾಡುತ್ತದೆ. ಡೆನ್ಮಾರ್ಕಿನಲ್ಲಿ ಹುಟ್ಟಿ 2015ರಲ್ಲಿ ಬಳಕೆಗೆ ಬಂದ ‘ಬಿ ಮೈ ಐಸ್’ ವೀಡಿಯೊ ಕರೆಯ ಮೂಲಕ ಸ್ವಯಂಸೇವಕರ ಕಣ್ಣನ್ನು ಅಂಧರಿಗೆ ಕಡ ಕೊಡಿಸುತ್ತದೆ. ಗೂಗಲ್‌ನ ‘ಲೈವ್ ಟ್ರಾನ್‌ಸ್ಕ್ರೈಬ್’ ಎದುರಿನವರ ಮಾತನ್ನು ಅಕ್ಷರವಾಗಿಸಿ ಕಿವುಡರ ಮುಂದಿಡುತ್ತದೆ. ಇವೆಲ್ಲ ಒಳ್ಳೆಯವೇ. ಆದರೆ ಬದುಕು ನಡೆಯುವುದು ಇವುಗಳಲ್ಲಿ ಮಾತ್ರವಲ್ಲ.

ವಿಜಯವಾಡದಲ್ಲೋ ವಿಶಾಖಪಟ್ಟಣದಲ್ಲೋ ಇರುವ ಅಂಧ ನೌಕರನಿಗೆ ಎಲ್ಲರಂತೆ ಬಸ್ ಟಿಕೆಟ್ ಬೇಕು, ಕರೆಂಟ್ ಬಿಲ್ ಕಟ್ಟಬೇಕು, ಮನೆಗೆ ಹಣ ಕಳಿಸಬೇಕು. ಅವನ ಫೋನಿನ ಟಾಕ್‌ಬ್ಯಾಕ್, ಪರದೆಯ ಮೇಲೆ ಬೆರಳಿಟ್ಟ ಕಡೆ ಏನಿದೆಯೆಂದು ಓದಿ ಹೇಳುತ್ತದೆ. ಆ್ಯಪ್ ಬರೆದವರು ಬಟನ್‌ಗೆ ‘ಹಣ ಕಳಿಸಿ’ ಎಂದು ಹೆಸರು ಕೊಟ್ಟಿದ್ದರೆ ಹಾಗೆಯೇ ಹೇಳುತ್ತದೆ. ಬರೀ ಬಾಣದ ಚಿತ್ರ ಹಾಕಿ ಹೆಸರು ಕೊಡದೆ ಬಿಟ್ಟಿದ್ದರೆ ‘ಬಟನ್’ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಅಂಥ ನಾಲ್ಕು ಬಟನ್‌ಗಳ ನಡುವೆ ಹಣ ಕಳಿಸುವುದು ಯಾವುದು, ರದ್ದು ಮಾಡುವುದು ಯಾವುದು? ಹೆಸರು ಬರೆಯಲು ತಂತ್ರಜ್ಞನಿಗೆ ಬೇಕಾದದ್ದು ಒಂದು ಸಾಲು. ಅದನ್ನು ಬಿಟ್ಟದ್ದಕ್ಕೆ ಇವನು ಪಕ್ಕದವರ ಕೈಗೆ ಫೋನ್ ಕೊಟ್ಟು ಪಿನ್ ಹೇಳಬೇಕಾಗುತ್ತದೆ.

ಆದ್ದರಿಂದ ಅಂಗವಿಕಲರಿಗಾಗಿ ಸರ್ಕಾರ ಇನ್ನೊಂದು ಹೊಸ ಆ್ಯಪ್ ಮಾಡುವುದಕ್ಕಿಂತ, ಎಲ್ಲರೂ ಬಳಸುವ ಆ್ಯಪ್ ಅವರಿಗೂ ಒದಗುವಂತೆ ಮಾಡುವುದು ದೊಡ್ಡ ಉಪಕಾರ. ಆಂಧ್ರದಲ್ಲಿ ಇದಕ್ಕೊಂದು ಉದಾಹರಣೆ ಸಿಗುತ್ತದೆ. 2025ರ ಜನವರಿ 30ರಂದು ಅಲ್ಲಿನ ಸರ್ಕಾರ ‘ಮನ ಮಿತ್ರ’ ಹೆಸರಿನಲ್ಲಿ 161 ಸೇವೆಗಳನ್ನು ವಾಟ್ಸ್‌ಆ್ಯಪ್‌ಗೆ ತಂದಿತು. ಅದು ಅಂಗವಿಕಲರಿಗೆಂದು ಮಾಡಿದ್ದಲ್ಲ. ಅದರ ಗುಣವೂ ಅದೇ. ಚಾಟ್ ಎಂದರೆ ಅಕ್ಷರ. ಕಿವುಡರು ಯಾರಿಗೂ ಫೋನ್ ಮಾಡಬೇಕಿಲ್ಲ, ಅಂಧರು ಉತ್ತರವನ್ನು ಓದಿಸಿ ಕೇಳಬಹುದು, ನಡೆಯಲಾರದವರು ಕಚೇರಿಯ ಮೆಟ್ಟಿಲು ಹತ್ತಬೇಕಿಲ್ಲ. ಆದರೆ ಚಾಟ್ ನಡುವೆ ಹೆಸರಿಲ್ಲದ ಬಟನ್‌ಗಳ ಫಾರಂ ಬಂದರೆ, ಪ್ರಮಾಣಪತ್ರವನ್ನು ಬರೀ ಫೋಟೊ ಮಾಡಿ ಕಳಿಸಿದರೆ, ಈ ಅನುಕೂಲ ಅಲ್ಲಿಗೇ ನಿಲ್ಲುತ್ತದೆ. ಇಂಥ ಸೇವೆಯನ್ನು ಅನುಕರಿಸುವ ಯಾವುದೇ ರಾಜ್ಯ ಮೊದಲು ನೋಡಬೇಕಾದದ್ದು ಇದನ್ನೇ.

ಮುಖ ತೋರಿಸಿ ಮುಗಿಸುವ ಕೆಲಸಗಳು ಹೆಚ್ಚಿದಷ್ಟೂ ಈ ಪ್ರಶ್ನೆ ಗಂಭೀರವಾಗುತ್ತದೆ. ವಿಜಯವಾಡ ವಿಮಾನ ನಿಲ್ದಾಣಕ್ಕೆ 2023ರಲ್ಲಿ, ವಿಶಾಖಪಟ್ಟಣಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಡಿಜಿಯಾತ್ರಾ ಬಂತು. ಅದು ಕಡ್ಡಾಯವಲ್ಲ. ಬ್ಯಾಂಕ್ ಖಾತೆಯ ಕೆವೈಸಿ ಹಾಗಲ್ಲ, ಅದು ಆಗದೆ ಖಾತೆಯೇ ಇಲ್ಲ. ಕಣ್ಣು ಮಿಟುಕಿಸಿ, ಮುಖವನ್ನು ಚೌಕಟ್ಟಿನೊಳಗೆ ಹಿಡಿಯಿರಿ ಎಂದರೆ ಅಂಧರೂ ಆ್ಯಸಿಡ್ ದಾಳಿಗೆ ತುತ್ತಾದವರೂ ಏನು ಮಾಡಬೇಕು? ಇಂಥವರ ಅರ್ಜಿಗಳ ಮೇಲೆ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ತೀರ್ಪು ಕೊಟ್ಟು, ಡಿಜಿಟಲ್ ಸೇವೆ ಎಟುಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದಿತು. ಕಣ್ಣು ಮಿಟುಕಿಸುವುದಕ್ಕೆ ಬದಲಿ ದಾರಿಯೂ ಸೇರಿದಂತೆ 20 ನಿರ್ದೇಶನಗಳನ್ನು ನೀಡಿತು.

ಇಷ್ಟು ಕೆಲವೇ ಜನಕ್ಕಾಗಿ ಎಷ್ಟು ಖರ್ಚು ಮಾಡುವುದು ಎಂಬ ಮಾತು ಬರುತ್ತದೆ. 2011ರ ಜನಗಣತಿಯಲ್ಲೇ ದೇಶದ ಅಂಗವಿಕಲರ ಸಂಖ್ಯೆ 2.68 ಕೋಟಿ. ಕಣ್ಣು ಮಂಜಾದ ಅಜ್ಜಿ, ಬೆರಳು ನಡುಗುವ ತಾತ, ಓದಲು ಬಾರದ ಕೂಲಿಯವರು ಆ ಲೆಕ್ಕಕ್ಕೆ ಹೊರಗೆ. ಓದಿ ಹೇಳುವ ಆ್ಯಪ್ ಇವರೆಲ್ಲರಿಗೂ ಬೇಕು. ಖರ್ಚು ದೊಡ್ಡದಾಗುವುದು ಮೊದಲು ಮರೆತು ಆಮೇಲೆ ತೇಪೆ ಹಚ್ಚುವಾಗ.

ಸೇವೆ ಕೊಡುವವರು, ಸರ್ಕಾರಿಯಾಗಲಿ ಖಾಸಗಿಯಾಗಲಿ, ನಿಯಮ ಬಂದ ಎರಡು ವರ್ಷದೊಳಗೆ ಅದು ಅಂಗವಿಕಲರಿಗೆ ಎಟುಕುವಂತೆ ಮಾಡಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳಿತ್ತು. ನಿಯಮ ಬಂದದ್ದು 2017ರಲ್ಲಿ. ಗಡುವು ಮುಗಿದು ವರ್ಷಗಳೇ ಆದವು. ಇನ್ನಾದರೂ ಸರ್ಕಾರಗಳು ಆ್ಯಪ್ ಮಾಡಿಸುವ ಟೆಂಡರಿನಲ್ಲೇ ಒಂದು ಷರತ್ತು ಬರೆಯಲಿ: ಅಂಧರು, ಕಿವುಡರು, ಕೈ ಸ್ವಾಧೀನವಿಲ್ಲದವರು ಬೇರೆಯವರ ನೆರವಿಲ್ಲದೆ ಬಳಸಿ ಒಪ್ಪಿದ ಮೇಲೆಯೇ ಕೊನೆಯ ಕಂತಿನ ಬಿಲ್ಲು ಪಾಸಾಗಬೇಕು. ಪರೀಕ್ಷಿಸಿದವರಿಗೆ ಅದರ ಕೂಲಿಯೂ ಸಿಗಬೇಕು.