28ನೇ ದಿನದ ರಕ್ತ ಏನು ಹೇಳುತ್ತದೆ?

ತುಂಗಭದ್ರಾ ಕಾಲುವೆಗೆ ನೀರು ಬಿಟ್ಟು ಕುರುಗೋಡು, ಸಿರುಗುಪ್ಪ ಕಡೆ ಭತ್ತದ ನಾಟಿ ಶುರುವಾಯಿತೆಂದರೆ ಸೊಳ್ಳೆಗಳಿಗೂ ಸುಗ್ಗಿ. ಮನೆಯಲ್ಲಿ ಯಾರಿಗಾದರೂ ಚಳಿಜ್ವರ ಬಂದರೆ ಹಿರಿಯರ ಕಣ್ಣು ಮೊದಲು ಹೋಗುವುದು ಬೇವಿನ ಮರದ ಕಡೆ. ತೊಗಟೆ ಜಜ್ಜಿ, ಅಮೃತಬಳ್ಳಿ, ನೆಲಬೇವು, ನಾಲ್ಕು ಕಾಳು ಮೆಣಸು ಹಾಕಿ, ನಾಲ್ಕು ಲೋಟ ನೀರು ಒಂದು ಲೋಟಕ್ಕೆ ಇಳಿಯುವ ತನಕ ಕುದಿಸುತ್ತಾರೆ. ಕುಡಿದವನ ಮುಖ ನೋಡಬೇಕು! ಸಂಜೆಗೆ ಮೈ ಬೆವೆತು ಜ್ವರ ಇಳಿಯುತ್ತದೆ. “ನೋಡಿದ್ಯಾ, ಕಷಾಯ ಹೆಂಗ್ ಕೆಲಸ ಮಾಡ್ತು” ಎಂಬ ಮಾತೂ ಬರುತ್ತದೆ.

ನನ್ನ ತಕರಾರು ಇರುವುದು ಇಲ್ಲೇ. ಕಷಾಯ ಕುಡಿಯದಿದ್ದರೂ ಆ ಜ್ವರ ಇಳಿಯುತ್ತಿತ್ತು. ನಮ್ಮಲ್ಲಿ ಹೆಚ್ಚಾಗಿ ಕಾಣುವ ವೈವಾಕ್ಸ್ ಮಲೇರಿಯಾದ ರೋಗಾಣು ಕೆಂಪು ರಕ್ತಕಣದೊಳಗೆ ಬೆಳೆದು, ಸುಮಾರು 48 ಗಂಟೆಗೊಮ್ಮೆ ಅದನ್ನು ಒಡೆದು ಹೊರಬರುತ್ತದೆ. ಆಗ ಮೊದಲು ನಡುಕ, ಆಮೇಲೆ ಕಾವು, ಕೊನೆಗೆ ಬೆವರು. ಮಾರನೇ ದಿನ ರೋಗಿ ಎದ್ದು ಓಡಾಡುತ್ತಾನೆ. ಆ ಬಿಡುವಿನ ದಿನದ ಕೀರ್ತಿಯೆಲ್ಲ ಕಷಾಯದ ಲೋಟಕ್ಕೆ ಸೇರುತ್ತದೆ. ಸಾಲದ್ದಕ್ಕೆ ವೈವಾಕ್ಸ್ ರೋಗಾಣು ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಅಡಗಿದ್ದು ಮತ್ತೆ ಏಳಬಲ್ಲದು. ಹಾಗೆ ಎದ್ದಾಗ ಹೊಸ ಜ್ವರ ಬಂತು ಎನ್ನುತ್ತೇವೆಯೇ ಹೊರತು ಹಳೆಯ ಮದ್ದು ಸೋತಿತು ಎನ್ನುವುದಿಲ್ಲ.

ಇಂಥ ಗಿಡಮೂಲಿಕೆಗಳನ್ನು ಪರೀಕ್ಷಿಸಿ ನೋಡಿದವರಿದ್ದಾರೆ. ಕೇಂದ್ರದ ಆಯುರ್ವೇದ ಸಂಶೋಧನಾ ಪರಿಷತ್ತು ಮಲೇರಿಯಾಕ್ಕೆಂದೇ ರೂಪಿಸಿದ ಆಯುಷ್-64 ಗುಳಿಗೆಯಲ್ಲಿ ಸಪ್ತಪರ್ಣಿ, ಕಟುಕರೋಹಿಣಿ, ಕಿರಾತಕಡ್ಡಿ, ಗಜ್ಜುಗ ಇವೆ. ತುಳುನಾಡಿನವರು ಆಟಿ ಅಮಾವಾಸ್ಯೆಯ ನಸುಕಿನಲ್ಲಿ ತೊಗಟೆ ತಂದು ಕಷಾಯ ಕುಡಿಯುತ್ತಾರಲ್ಲ, ಆ ಹಾಲೆ ಮರವೇ ಈ ಸಪ್ತಪರ್ಣಿ. ದೆಹಲಿಯ ಮಲೇರಿಯಾ ಸಂಶೋಧನಾ ಕೇಂದ್ರದವರು ಈ ಗುಳಿಗೆಯನ್ನು ಮಲೇರಿಯಾದ ಮಾಮೂಲಿ ಮದ್ದು ಕ್ಲೋರೋಕ್ವಿನ್ ಜತೆ ಹೋಲಿಸಿ ವೈವಾಕ್ಸ್ ರೋಗಿಗಳಿಗೆ ಕೊಟ್ಟು ನೋಡಿದರು. ಫಲಿತಾಂಶ 2000ದಲ್ಲಿ ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬಂತು. 28 ದಿನದವರೆಗೆ ಪರೀಕ್ಷೆಗೆ ಸಿಕ್ಕವರ ಪೈಕಿ ಕ್ಲೋರೋಕ್ವಿನ್ ನುಂಗಿದವರೆಲ್ಲರೂ ಗುಣವಾಗಿದ್ದರು. ಆಯುಷ್-64 ನುಂಗಿದವರಲ್ಲಿ ಗುಣವಾದವರು ಅರ್ಧಕ್ಕಿಂತ ತುಸು ಕಡಿಮೆ. ಅರ್ಧವೆಂದರೆ ಸೊನ್ನೆಯಲ್ಲ, ನಿಜ. ಆದರೆ ಉಳಿದರ್ಧದಲ್ಲಿ ನಮ್ಮ ಮನೆಯ ಮಗು ಇದ್ದರೆ?

ಗಿಡಮೂಲಿಕೆಯಿಂದ ಮದ್ದು ಬರಲಾರದು ಎಂದು ಇದರರ್ಥವಲ್ಲ. ಕ್ವಿನೀನ್ ಬಂದದ್ದೇ ಸಿಂಕೋನಾ ತೊಗಟೆಯಿಂದ. ಚೀನಾದ ವಿಜ್ಞಾನಿ ಟು ಯೂಯೂ ಅವರ ಕತೆ ಇನ್ನೂ ಸ್ವಾರಸ್ಯದ್ದು. 4ನೇ ಶತಮಾನದ ಗೆ ಹಾಂಗ್ ಎಂಬಾತನ ಪುಸ್ತಕದಲ್ಲಿ ಚಳಿಜ್ವರಕ್ಕೆ ಒಂದು ಗಿಡದ ಸೊಪ್ಪನ್ನು ನೀರಿನಲ್ಲಿ ನೆನೆಸಿ ಹಿಂಡಿ ಕುಡಿಯಬೇಕು ಎಂದಿತ್ತು. ಕುದಿಸುವ ಮಾತೇ ಇರಲಿಲ್ಲ. ಕಾವಿಗೆ ಸತ್ವ ಕೆಡುತ್ತಿರಬಹುದು ಎಂದು ಊಹಿಸಿದ ಆಕೆ, 35 ಡಿಗ್ರಿಗೇ ಕುದಿಯುವ ಈಥರ್‌ನಲ್ಲಿ ಸಾರ ತೆಗೆದರು. ಅದಕ್ಕೂ ಮುಂಚೆ ನೂರಾರು ಸಾರಗಳು ವಿಫಲವಾಗಿದ್ದವು. 1971ರ ಅಕ್ಟೋಬರಿನಲ್ಲಿ 191ನೇ ಮಾದರಿ ಇಲಿಗಳ ರಕ್ತದಿಂದ ರೋಗಾಣುವನ್ನು ಪೂರ್ತಿ ಅಳಿಸಿತು. ಆ ಸಾರದಲ್ಲಿದ್ದ ಮದ್ದೇ ಆರ್ಟಿಮಿಸಿನಿನ್, 2015ರಲ್ಲಿ ಆಕೆಗೆ ನೊಬೆಲ್ ಬಂತು. ಅಷ್ಟಾದರೂ ಅದೇ ಎಲೆಯ ಚಹಾ ಕುಡಿದು ಮಲೇರಿಯಾ ವಾಸಿಮಾಡಿಕೊಳ್ಳಬೇಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಚಹಾದಲ್ಲಿ ಮದ್ದಿನ ಪ್ರಮಾಣ ಸಾಲದು, ರೋಗ ಮರುಕಳಿಸುತ್ತದೆ.

ನಮ್ಮ ನೆಲಬೇವಿಗೂ ಇಂಥದೇ ಪರೀಕ್ಷೆ ನಡೆಯಲಿ. ಪರಂಪರೆಯ ಹೆಸರಲ್ಲಿ ವಿನಾಯಿತಿ ಬೇಡ. ಅಲ್ಲಿಯತನಕ ಆಶಾ ಕಾರ್ಯಕರ್ತೆ ಬೆರಳು ಚುಚ್ಚಿ ರಕ್ತಲೇಪನ ತೆಗೆಯಲಿ, ವೈವಾಕ್ಸ್ ಎಂದು ಬಂದರೆ ವೈದ್ಯರು ಬರೆದುಕೊಟ್ಟ 14 ದಿನದ ಪ್ರಿಮಾಕ್ವಿನ್ ಗುಳಿಗೆ ಪೂರ್ತಿ ಮುಗಿಯಲಿ (ಗರ್ಭಿಣಿಯರಿಗೂ ಹಸುಳೆಗಳಿಗೂ ಅದನ್ನು ಕೊಡುವುದಿಲ್ಲ). ಮೂರನೇ ದಿನಕ್ಕೆ ಜ್ವರ ಬಿಟ್ಟಿತೆಂದು ಗುಳಿಗೆಯನ್ನೂ ಬಿಡುವುದೇ ನಮ್ಮ ದೊಡ್ಡ ಕಾಯಿಲೆ.

ಬೇವಿಗೆ ಅನ್ಯಾಯ ಮಾಡಿದೆ ಎನ್ನಬೇಡಿ. ಕೊಬ್ಬರಿ ಎಣ್ಣೆಗೆ ಶೇ 2ರಷ್ಟು ಬೇವಿನೆಣ್ಣೆ ಬೆರೆಸಿ ಮೈಗೆ ಹಚ್ಚಿದರೆ ಅನಾಫಿಲಿಸ್ ಸೊಳ್ಳೆಗಳು ರಾತ್ರಿಯಿಡೀ ಹತ್ತಿರ ಬರುವುದು ತೀರಾ ಕಡಿಮೆ ಎಂದು 1993ರಲ್ಲಿ ಭಾರತದ ಸಂಶೋಧಕರೇ ಪ್ರಕಟಿಸಿದ್ದಾರೆ. ರಾತ್ರಿ ಗದ್ದೆಗೆ ನೀರು ಹಾಯಿಸಲು ಹೋಗುವವರು ಅಲ್ಲಿ ಸೊಳ್ಳೆಪರದೆ ಕಟ್ಟಿಕೊಳ್ಳಲಾರರು. ಬೇವು ಅವರ ಹೊಟ್ಟೆಗೆ ಹೋಗುವುದಕ್ಕಿಂತ ಕೈಕಾಲಿಗೆ ಹತ್ತಿದರೆ ಹೆಚ್ಚು ಉಪಯೋಗ.