ಮೈಕು ಹಾಡಿದರೆ ಸಾಲದು, ನಾವು ಹಾಡಬೇಕು



ನಮ್ಮ ಸಭೆಗಳಿಗೆ ಮುಖಂಡರು ಬರೋದು ತಡವಾದರೆ ಮೈಕಿನವನು ಸಿನಿಮಾ ಹಾಡು ಹಾಕುತ್ತಾನೆ. ನಾವು ಬೀಡಿ ಹಚ್ಚಿಕೊಂಡು ಕೂತಿರುತ್ತೇವೆ. ಹಾಡೋದು ಮೈಕು, ಕೇಳೋದು ನಾವು. ಇದು ಸರಿಯಲ್ಲ ಅನ್ನೋದು ನನ್ನ ವಾದ. ಹಾಡು ಬರೀ ಹೊತ್ತು ಕಳೆಯೋ ಸಾಮಾನಲ್ಲ. ಹಾಡುತ್ತಾ ಒಂದಾಗಿ ಸ್ವಾತಂತ್ರ್ಯ ಪಡೆದ ಒಕ್ಕಲು ಮಕ್ಕಳ ಕಥೆಯೊಂದಿದೆ, ಕೇಳಿ.

ಯುರೋಪಿನ ಉತ್ತರಕ್ಕೆ, ರಷ್ಯಾದ ಮಗ್ಗುಲಲ್ಲಿ ಎಸ್ಟೋನಿಯಾ ಎಂಬ ಪುಟ್ಟ ದೇಶವಿದೆ. ಅಲ್ಲಿಯ ಒಕ್ಕಲುಗಳು ನೂರಾರು ವರ್ಷ ಜರ್ಮನ್ ಜಮೀನ್ದಾರರ ಜೀತದಲ್ಲಿದ್ದರು. ಆ ಸೀಮೆಯ ದಕ್ಷಿಣ ಭಾಗದಲ್ಲಿ 1819ರಲ್ಲಿ ಜೀತ ರದ್ದಾಯಿತು. ಆದರೆ ಭೂಮಿ ಮಾತ್ರ ಜಮೀನ್ದಾರನದೇ! ಬಿಡುಗಡೆಯಾದ ರೈತ ಗೇಣಿಗಾಗಿ ಮತ್ತೆ ಅವನ ಹೊಲದಲ್ಲೇ ದುಡಿಯಬೇಕಾಯಿತು. ಕಾಗದದ ಮೇಲಿನ ಬಿಡುಗಡೆ ಎಂಥದ್ದು ಅಂತ ನಿಮಗೆ ನಾನು ಹೇಳಬೇಕೆ?

ಅದರ 50ನೇ ವರ್ಷದ ನೆನಪಿಗೆ 1869ರಲ್ಲಿ ತಾರ್ತು ಪಟ್ಟಣದಲ್ಲಿ ಮೊದಲ ಹಾಡಿನ ಜಾತ್ರೆ ನಡೆಯಿತು. ಪತ್ರಿಕೆ ನಡೆಸುತ್ತಿದ್ದ ಯಾನ್ಸೆನ್ ಎಂಬುವರು ಮುಂದೆ ನಿಂತರು. ಎಂಟುನೂರಕ್ಕೂ ಮಿಕ್ಕಿ ಗಂಡಸರು ಮೇಳ ಕಟ್ಟಿಕೊಂಡು ಬಂದು ಒಟ್ಟಿಗೆ ಹಾಡಿದರು. ತಾವು ಬರೀ ಕೂಲಿಯಾಳುಗಳಲ್ಲ, ಒಂದು ನಾಡಿನ ಜನ ಎಂಬ ಧೈರ್ಯ ಅಲ್ಲಿ ಬೆಳೆಯಿತು.

1918ರಲ್ಲಿ ಸ್ವಾತಂತ್ರ್ಯ ಸಾರಿದ ಆ ದೇಶವನ್ನು 1940ರಲ್ಲಿ ಸೋವಿಯತ್ ಒಕ್ಕೂಟ ನುಂಗಿತು. 1949ರ ಮಾರ್ಚ್‌ನಲ್ಲಿ 20,000ಕ್ಕೂ ಹೆಚ್ಚು ಜನರನ್ನು ರೈಲಿಗೆ ತುಂಬಿ ಸೈಬೀರಿಯಾಕ್ಕೆ ಸಾಗಿಸಿದರು. ಹೆದರಿದ ರೈತರು ಜಮೀನನ್ನು ಸಾಮೂಹಿಕ ಬೇಸಾಯಕ್ಕೆ ಒಪ್ಪಿಸಿದರು. ಹಾಡಿನ ಜಾತ್ರೆ ಮಾತ್ರ ನಿಲ್ಲಲಿಲ್ಲ. ಸರ್ಕಾರ ಅಲ್ಲಿ ತನ್ನ ಹೊಗಳಿಕೆಯನ್ನೇ ಹಾಡಿಸಿತು. ಆದರೆ 1960ರಲ್ಲಿ, ಗುಸ್ತಾವ್ ಎರ್ನೆಸಾಕ್ಸ್ ರಾಗ ಕಟ್ಟಿದ್ದ ತಾಯ್ನಾಡಿನ ಹಾಡನ್ನು, ಅದು ಪಟ್ಟಿಯಲ್ಲಿ ಇಲ್ಲದಿದ್ದರೂ, ಜನ ತಾವಾಗಿ ಎತ್ತಿಕೊಂಡರು. ಸಾವಿರಾರು ಬಾಯಿ ಹಾಡುವಾಗ ಯಾರನ್ನು ಅಂತ ಹಿಡಿಯುತ್ತಾರೆ?

1988ರ ಸೆಪ್ಟೆಂಬರ್ 11ರಂದು ಟ್ಯಾಲಿನ್ ನಗರದ ಹಾಡಿನ ಬಯಲಿನಲ್ಲಿ ಸುಮಾರು 3 ಲಕ್ಷ ಜನ ಸೇರಿದರು. ಆಗ ಇಡೀ ದೇಶದ ಜನಸಂಖ್ಯೆಯೇ ಸುಮಾರು 15 ಲಕ್ಷ! 1991ರ ಆಗಸ್ಟ್ 20ರಂದು ಅವರು ಸ್ವಾತಂತ್ರ್ಯ ಮರಳಿ ಪಡೆದರು. ಹಾಡೊಂದೇ ತಂದುಕೊಟ್ಟಿತು ಅನ್ನೋಲ್ಲ. ಮಾಸ್ಕೋದ ಸರ್ಕಾರವೇ ಆಗ ಅಲ್ಲಾಡುತ್ತಿತ್ತು. ಆದರೆ ಅದು ಅಲ್ಲಾಡಿದ ಹೊತ್ತಿಗೆ ಇವರು ಒಟ್ಟಾಗಿ ನಿಂತಿದ್ದರು.

ಈಗ ನಮ್ಮ ಮಾತಿಗೆ ಬರೋಣ. ಸಾಲದ ದೊಡ್ಡ ಕೇಡು ಬಡ್ಡಿಯಲ್ಲ. ಅದು ನಮ್ಮನ್ನು ಒಂಟಿ ಮಾಡುತ್ತೆ. ನಮ್ಮೂರಲ್ಲಿ ಒಬ್ಬರ ಮನೆಗೆ ಜಪ್ತಿಗೆ ಬಂದಾಗ ನೆರೆಹೊರೆಯವರೆಲ್ಲ ಬಾಗಿಲು ಹಾಕಿಕೊಂಡರು. ನಾನೂ ಹಾಕಿಕೊಂಡೆ. ಎಲ್ಲರ ಮನೇಲೂ ನೋಟೀಸು ಇತ್ತು, ಒಬ್ಬರಿಗೊಬ್ಬರು ಹೇಳಿರಲಿಲ್ಲ, ಅಷ್ಟೆ. ಆ ಶನಿವಾರ ರಾತ್ರಿ ನಾವೇ ಭಜನೆಯಲ್ಲಿ ಪಕ್ಕಪಕ್ಕ ಕೂತು ಗಂಟಲು ಬಿಚ್ಚಿ ಹಾಡಿದೆವು. ಜಪ್ತಿಯಾದವರು ಮಾತ್ರ ಬಂದಿರಲಿಲ್ಲ. ತಾಳ ಹಾಕುತ್ತಿದ್ದವರು ಅವರೇ.

ಅದಕ್ಕೇ ಹೇಳುತ್ತೇನೆ: ಮುಂದಿನ ಸಭೆಗೆ ನಿಮ್ಮೂರ ಭಜನೆ ಮೇಳವನ್ನೇ ಕರೆದುಕೊಂಡು ಬನ್ನಿ. ಬೆಲೆಯ ಮೇಲೆ, ಸಾಲದ ಮೇಲೆ ನೀವೇ ಪದ ಕಟ್ಟಿ. ನಮ್ಮ ಹೆಂಗಸರು ಸೋಬಾನೆ ಧಾಟಿಯಲ್ಲಿ ಕಟ್ಟಲಿ. ಹಾಡಿದರೆ ಸಾಲ ತೀರೋಲ್ಲ, ನಿಜ. ಆದರೆ ಜೊತೆಗೆ ಹಾಡಿದವನ ಮನೆಗೆ ಜಪ್ತಿ ಬಂದಾಗ ನಮ್ಮ ಬಾಗಿಲು ಹಾಕಿಕೊಳ್ಳೋದು ಅಷ್ಟು ಸುಲಭವಲ್ಲ.