ಹವ್ಯಾಸಿಯನ್ನು ಕಂಡು ನಗುವವರಿಗೆ

ಕಳೆದ ತಿಂಗಳು ಪುಣೆಯ ನಮ್ಮ ಸಾಹಿತ್ಯ ಕೂಟದಲ್ಲಿ, ಕಾಫಿಯ ವಿರಾಮದ ಹೊತ್ತಿಗೆ, ನಾನು ಮೊಬೈಲಿನಲ್ಲಿ ಕೆಲವು ಚಿತ್ರಗಳನ್ನು ತೋರಿಸಿದೆ. ಅಮೆರಿಕ, ಯುರೋಪುಗಳ ಹವ್ಯಾಸಿಗಳು ಮನೆಯ ಮೇಜಿನ ಮೇಲೆ ತಾವೇ ತಯಾರಿಸಿದ ಕೈಹಿಡಿಯ ಲೇಸರ್‌ಗಳವು. ಬಹುಮಾನದ ಹಣವಿಲ್ಲದ, ಸ್ನೇಹಿತರ ಮೆಚ್ಚುಗೆಯೇ ಪದಕವಾದ ಸ್ಪರ್ಧೆಗೆಂದು ಮಾಡಿದ್ದವು. ಹಿರಿಯರೊಬ್ಬರು "ಕೆಲಸವಿಲ್ಲದವರ ಪುಂಡಾಟ" ಎಂದರು. ಮತ್ತೊಬ್ಬರು "ಇದನ್ನೆಲ್ಲ ಮಾಡಲು ವಿಜ್ಞಾನಿಗಳಿದ್ದಾರಲ್ಲ, ಇವರಿಗೇಕೆ?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಯಲ್ಲಿ ನನ್ನ ಹದಿನಾರರ ಮಗ ಅಂಥದೇ ಒಂದನ್ನು ಮಾಡಹೊರಟಿದ್ದಾನೆಂಬುದನ್ನು ಅಲ್ಲಿ ಹೇಳಲಿಲ್ಲ. ಆ ನಗುವಿನ ನಾಚಿಕೆಯೇ ಈ ಬರಹಕ್ಕೆ ಕಾರಣ.

ಮೊದಲಿಗೆ 'ಇವರಿಗೇಕೆ' ಎಂಬ ಪ್ರಶ್ನೆ. ನಮ್ಮ ಕೂಟದಲ್ಲಿ ಬ್ಯಾಂಕಿನವರಿದ್ದಾರೆ, ರೈಲ್ವೆಯವರಿದ್ದಾರೆ, ನನ್ನಂತೆ ಕೇಂದ್ರ ಸರ್ಕಾರದ ಕಡತಗಳ ನಡುವೆ ಬದುಕುವವರಿದ್ದಾರೆ. ಕವಿತೆ ಬರೆದು ಹೊಟ್ಟೆ ಹೊರೆಯುವವರು ಒಬ್ಬರೂ ಇಲ್ಲ. ನಾವೆಲ್ಲರೂ ಹವ್ಯಾಸಿಗಳೇ. ಹವ್ಯಾಸಿ ರಂಗಭೂಮಿ ಎಂದೊಡನೆ ಕನ್ನಡಿಗನ ಎದೆ ಉಬ್ಬುತ್ತದೆ. ಅದಕ್ಕೆ ಜೀವ ತುಂಬಿದ ಕೈಲಾಸಂ ಓದಿದ್ದು ಭೂವಿಜ್ಞಾನ, ನೌಕರಿ ಮಾಡಿದ್ದು ಮೈಸೂರಿನ ಭೂಗರ್ಭ ಇಲಾಖೆಯಲ್ಲಿ. ಮಾಸ್ತಿಯವರು ಕತೆ ಬರೆದದ್ದು ಸರ್ಕಾರಿ ಅಧಿಕಾರಿಯಾಗಿದ್ದುಕೊಂಡೇ. ಅವರನ್ನು 'ಕೆಲಸವಿಲ್ಲದವರು' ಎಂದು ಯಾರೂ ಅನ್ನಲಿಲ್ಲ. ಆದರೆ ಹವ್ಯಾಸಿಯ ಕೈಯಲ್ಲಿ ಲೇಖನಿಯ ಬದಲು ಬೆಸುಗೆಯ ಕಡ್ಡಿ ಕಂಡರೆ ನಮ್ಮ ತುಟಿ ಕೊಂಕುತ್ತದೆ. ಎಂ.ಎ. ತರಗತಿಯಲ್ಲಿ ನಮಗೊಬ್ಬರು ಮೇಷ್ಟರು 'ಅಮೆಚೂರ್' ಎಂಬ ಪದದ ಬೇರು ಲ್ಯಾಟಿನ್ನಿನ ಪ್ರೀತಿಯ ಧಾತುವಿನಲ್ಲಿದೆ ಎಂದು ಕಲಿಸಿದ್ದರು. ಪದದ ಬೇರು ಬಲ್ಲ ನಾನೇ ಕೂಟದಲ್ಲಿ ನಕ್ಕವರ ಜೊತೆ ಸೇರಿದೆ.

ಸಿ. ವಿ. ರಾಮನ್ ಅವರ ವೃತ್ತಾಂತವನ್ನಾದರೂ ನೆನೆಯೋಣ. 1907ರಿಂದ 1917ರವರೆಗೆ ಅವರು ಭಾರತ ಸರ್ಕಾರದ ಹಣಕಾಸು ಇಲಾಖೆಯ ಅಧಿಕಾರಿ. ಕಲ್ಕತ್ತೆಯಿಂದ ರಂಗೂನಿಗೂ ನಾಗಪುರಕ್ಕೂ ವರ್ಗವಾದವರು. ಕಚೇರಿಗೆ ಹೋಗುವ ಮುನ್ನ ಮತ್ತು ಕಚೇರಿ ಮುಗಿದ ಮೇಲೆ ಬೌಬಜಾರಿನ ವಿಜ್ಞಾನ ಸಂಘದ ಪ್ರಯೋಗಾಲಯದಲ್ಲಿ ದುಡಿದವರು. ಆ ಹತ್ತು ವರ್ಷ ಅವರು ಕಟ್ಟಾ ಹವ್ಯಾಸಿ. ಮುಂದೆ ಬೆಳಕಿನ ಚದುರುವಿಕೆಗಾಗಿ 1930ರ ನೊಬೆಲ್ ಬಂದಾಗ, ಬೆಂಗಳೂರಿಗೆ ಬಂದು ನೆಲೆಸಿದಾಗ, ನಾವು ಅವರನ್ನು ನಮ್ಮವರೆಂದುಕೊಂಡೆವು. ಇಂದು ರಾಮನ್ ಪರಿಣಾಮವನ್ನು ಬಳಸುವ ಪ್ರಯೋಗಾಲಯಗಳೆಲ್ಲ ನೆಚ್ಚಿರುವುದು ಲೇಸರನ್ನು. ಅಂದು ಬೌಬಜಾರಿನ ದಾರಿಯಲ್ಲಿ ಆ ತರುಣ ಅಧಿಕಾರಿಯನ್ನು ತಡೆದು "ನಿಮಗೇಕೆ ಇದೆಲ್ಲ?" ಎಂದು ನಮ್ಮ ಕೂಟದ ಹಿರಿಯರು ಕೇಳಿದ್ದರೆ ಏನುತ್ತರ ಬರುತ್ತಿತ್ತೋ.

ಲೇಸರಿನ ಹುಟ್ಟೂ ಅಷ್ಟೇನೂ ಗೌರವಾನ್ವಿತವಲ್ಲ. 1960ರ ಮೇ 16ರಂದು ಕ್ಯಾಲಿಫೋರ್ನಿಯದ ಮಾಲಿಬುವಿನಲ್ಲಿ ಥಿಯೋಡೋರ್ ಮೈಮನ್ ಒಂದು ಮಾಣಿಕ್ಯದ ಕಡ್ಡಿಯ ಸುತ್ತ ಛಾಯಾಗ್ರಾಹಕರ ಸುರುಳಿ ಫ್ಲಾಶ್ ದೀಪವನ್ನಿಟ್ಟು ಮೊದಲ ಕಿರಣವನ್ನು ಹೊಮ್ಮಿಸಿದ. ಆತನ ಲೇಖನವನ್ನು ಹೆಸರಾಂತ ಭೌತವಿಜ್ಞಾನ ಪತ್ರಿಕೆಯೊಂದು ತಿರಸ್ಕರಿಸಿತು. ಅದು 'ನೇಚರ್'ನಲ್ಲಿ ಬಂತು. ವೃತ್ತಪತ್ರಿಕೆಗಳಂತೂ ಮೃತ್ಯುಕಿರಣ ಸಿಕ್ಕಿತೆಂದು ಕೂಗಿದವು. ವೆಲ್ಸ್ ತನ್ನ ಮಂಗಳಗ್ರಹದವರ ಕೈಗೆ ಉಷ್ಣಕಿರಣ ಕೊಟ್ಟು ಆಗಲೇ ಅರವತ್ತು ವರ್ಷಗಳಾಗಿದ್ದವು, ಓದುಗರಿಗೆ ಬೇರೆ ಕಲ್ಪನೆ ಬರುವುದಾದರೂ ಹೇಗೆ?

ಇನ್ನು ಅಪಾಯದ ಮಾತು. ಹಿರಿಯರ ಆಕ್ಷೇಪದಲ್ಲಿ ತೂಕವಿದ್ದುದು ಇದೊಂದಕ್ಕೇ. ಅದನ್ನು ನಾನು ಹಗುರಾಗಿಸಲಾರೆ. ಭಾಷಣಕಾರರು ಬಳಸುವ ಲೇಸರ್ ಕಡ್ಡಿಗೆ ಅಮೆರಿಕದ ನಿಯಮ ವಿಧಿಸಿರುವ ಮಿತಿ 5 ಮಿಲಿವ್ಯಾಟ್. 2010ರಲ್ಲಿ ಕ್ಯಾಸಿಯೋ ಕಂಪನಿ ದೀಪದ ಬದಲು ನೀಲಿ ಲೇಸರ್ ಡಯೋಡುಗಳಿರುವ ಪ್ರೊಜೆಕ್ಟರ್ ತಂದಾಗ ಹವ್ಯಾಸಿಗಳು ಅದನ್ನು ಬಿಚ್ಚಿ, ಒಳಗಿದ್ದ ಎರಡು ಡಜನ್ ಡಯೋಡುಗಳನ್ನು ಹೊರತೆಗೆದರು. ಅಂಥದೊಂದೇ ಡಯೋಡು ಒಂದು ವ್ಯಾಟ್ ಕೊಡಬಲ್ಲದು, ಎಂದರೆ ಆ ಮಿತಿಯ ಇನ್ನೂರು ಪಟ್ಟು. ಅರ್ಧ ವ್ಯಾಟ್ ದಾಟಿದರೆ ಗೋಡೆಯಿಂದ ಚದುರಿದ ಬೆಳಕೂ ಕಣ್ಣಿಗೆ ಕೇಡು ಮಾಡಬಹುದು. ರೆಪ್ಪೆ ಮುಚ್ಚಲು ಕಾಲು ಸೆಕೆಂಡು ಬೇಕು. ಅಷ್ಟರೊಳಗೆ ಎಲ್ಲ ಮುಗಿದಿರುತ್ತದೆ. ಅಕ್ಷಿಪಟಕ್ಕೆ ನೋವೆಂಬುದು ತಿಳಿಯದಾದ್ದರಿಂದ ಸುಟ್ಟದ್ದೂ ಗೊತ್ತಾಗುವುದಿಲ್ಲ. ಹವ್ಯಾಸಿಗಳಲ್ಲಿ ಕೆಲವರು ಬರೀ ವ್ಯಾಟಿನ ಬೆನ್ನು ಹತ್ತಿ, ಬೆಂಕಿಕಡ್ಡಿ ಹೊತ್ತಿಸಿ, ಬಲೂನು ಒಡೆದು ಹಿಗ್ಗುವುದುಂಟು. ಅದು ನನಗೆ ಸೇರುವುದಿಲ್ಲ. ಹೆಚ್ಚು ಬಲದ ಡಯೋಡನ್ನು ದುಡ್ಡಿದ್ದವರು ಯಾರಾದರೂ ಕೊಳ್ಳಬಹುದು.

ನಾನು ಮೆಚ್ಚಿದ್ದು ಬೇರೆಯ ಬಗೆಯವರನ್ನು. ಗುಜರಿಗೆ ಬಿದ್ದ ಡಿವಿಡಿ ರೈಟರಿನಿಂದ ಸಾಸಿವೆ ಗಾತ್ರದ ಕೆಂಪು ಡಯೋಡನ್ನು ತೆಗೆಯುವವರನ್ನು. ಎಲ್‌ಎಂ317 ಎಂಬ ಮೂರು ಕಾಲಿನ, ಅಗ್ಗದ ನಿಯಂತ್ರಕವೊಂದಿದೆ. ಅದು ತನ್ನ ಎರಡು ಕಾಲುಗಳ ನಡುವೆ 1.25 ವೋಲ್ಟನ್ನು ಕಾಯ್ದುಕೊಳ್ಳುತ್ತದೆ. ಅಲ್ಲಿ 5 ಓಮಿನ ರೋಧಕವಿಟ್ಟರೆ ಹರಿಯುವುದು 250 ಮಿಲಿಆಂಪಿಯರ್, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಡಯೋಡನ್ನು ಜೋಡಿಸುವ ಮೊದಲು ಅದರ ಜಾಗದಲ್ಲಿ ನಾಲ್ಕು ಸಾಮಾನ್ಯ ಡಯೋಡುಗಳನ್ನೂ ಒಂದು ಓಮಿನ ರೋಧಕವನ್ನೂ ಸಾಲಾಗಿಟ್ಟು ವಿದ್ಯುತ್ತನ್ನು ಅಳೆಯುತ್ತಾರೆ. ನಂತರ ಶಾಖ ಹೀರಲು ಅಲ್ಯೂಮಿನಿಯಮ್ಮಿನ ಕವಚ, ಕಿರಣವನ್ನು ಕೂಡಿಸಲು ಮಸೂರ, ತಪ್ಪಿ ಉರಿಯದಂತೆ ಬೀಗದ ಕೀಲಿ. ಕಿರಣ ಎಷ್ಟು ಕಡಿಮೆ ಹರಡುತ್ತದೆ, ಕವಚ ಎಷ್ಟು ಹೊತ್ತು ತಣ್ಣಗಿರುತ್ತದೆ, ತಿರುಪು ಎಷ್ಟು ನಯವಾಗಿ ಕೂತಿದೆ ಎಂಬುದರ ಮೇಲೆ ಅವರ ಪರಸ್ಪರ ವಿಮರ್ಶೆ ನಡೆಯುತ್ತದೆ. ನಮ್ಮ ಪುಸ್ತಕ ವಿಮರ್ಶೆಗಳಲ್ಲಿ ಅಷ್ಟು ನಿಷ್ಠುರತೆ ಕಂಡು ಎಷ್ಟೋ ಕಾಲವಾಯಿತು.

ಇಂಥವನಿಗೆ ಅಪಾಯ ಗೊತ್ತಿರುತ್ತದೆ. ಗೊತ್ತಿಲ್ಲದಿರುವುದು ಕೊಂಡವನಿಗೆ. ಜಾತ್ರೆಯಲ್ಲಿ ಮಕ್ಕಳ ಕೈಗೆ ಬರುವ ಹಸಿರು ಲೇಸರ್ ಕಡ್ಡಿಯೊಳಗೆ ಮೊದಲು ಹುಟ್ಟುವುದು ಕಣ್ಣಿಗೆ ಕಾಣದ ಅವಕೆಂಪು ಬೆಳಕು. ಅದನ್ನು ಹರಳುಗಳು ಹಸಿರಾಗಿಸುತ್ತವೆ. ಉಳಿದ ಅವಕೆಂಪನ್ನು ತಡೆಯುವ ಶೋಧಕವನ್ನು ಅಗ್ಗದ ತಯಾರಕ ಕೈಬಿಡುತ್ತಾನೆ. 2010ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯವರು ಅಂಥದೊಂದು ಕಡ್ಡಿಯನ್ನು ಪರೀಕ್ಷಿಸಿದಾಗ ಹಸಿರಿಗಿಂತ ಅದೃಶ್ಯ ಬೆಳಕೇ ಹೆಚ್ಚು ಹೊಮ್ಮುತ್ತಿತ್ತು.

ಇಷ್ಟೆಲ್ಲ ಹೇಳಲು ಇನ್ನೊಂದು ಕಾರಣವಿದೆ. ನಾವಿರುವ ಊರು ಪುಣೆ. ಗಣೇಶನ ಮೆರವಣಿಗೆಯಲ್ಲಿ ಬಾಡಿಗೆಗೆ ತಂದ ಲೇಸರ್ ಯಂತ್ರಗಳು ಜನರ ಮುಖದ ಮೇಲೆಯೇ ಕಿರಣ ಬೀಸುತ್ತಿದ್ದುದನ್ನು ಕಂಡಿದ್ದೇವೆ. ಅವುಗಳಿಂದ ಅಕ್ಷಿಪಟಕ್ಕೆ ಆದ ಗಾಯಗಳ ಬಗ್ಗೆ ಮಹಾರಾಷ್ಟ್ರದ ನೇತ್ರವೈದ್ಯರು ಎಚ್ಚರಿಸಿದ ಮೇಲೆ, 2024ರಲ್ಲಿ ನಗರದ ಪೊಲೀಸರು ಅವನ್ನು ನಿಷೇಧಿಸಿದರು. ಅದಕ್ಕೂ ಹಿಂದಿನ ವರ್ಷ ನಮ್ಮ ವಸತಿ ಸಂಕೀರ್ಣದ ಮಂಡಳಿಯವರು ಅಂಥದೇ ಯಂತ್ರಕ್ಕೆಂದು ಮನೆಮನೆಯಿಂದ ವಂತಿಗೆ ಎತ್ತಿದ್ದರು. ನಾನೂ ಕೊಟ್ಟಿದ್ದೆ. ಯಂತ್ರ ನಡೆಸಿದ ಹುಡುಗನಿಗೆ ಅದು ಎಷ್ಟು ವ್ಯಾಟಿನದೆಂದು ತಿಳಿದಿರಲಿಲ್ಲ. ನಾನು ಕೇಳಿದಾಗ "ಫುಲ್ ಪವರ್ ಸಾಹೇಬ್" ಎಂದ. ಅದೇ ಮಂಡಳಿ ಈ ವರ್ಷ ನನ್ನ ಮಗನ ಹವ್ಯಾಸದ ಸುದ್ದಿ ತಿಳಿದು, 'ಅಪಾಯಕಾರಿ ಉಪಕರಣ' ಇಟ್ಟುಕೊಂಡಿರುವುದಕ್ಕಾಗಿ ನನಗೆ ನೋಟಿಸು ಕಳಿಸಿದೆ. ಇಪ್ಪತ್ತು ವರ್ಷ ಸರ್ಕಾರಿ ಉತ್ತರಗಳನ್ನು ಬರೆದವನು ನಾನು. ಕಂಡಿಕೆವಾರು ಉತ್ತರ ಬರೆದು, ವಂತಿಗೆಯ ರಸೀದಿಯ ಪ್ರತಿಯನ್ನು ಲಗತ್ತಿಸಿದ್ದೇನೆ. ಮರುತ್ತರ ಬಂದಿಲ್ಲ.

ಮಗನ 'ಅಪಾಯಕಾರಿ ಉಪಕರಣ'ದ ಸ್ಥಿತಿ ಹೀಗಿದೆ. ಜೂನಾ ಬಜಾರಿನಿಂದ ಮೂರು ಹಳೆಯ ಡಿವಿಡಿ ರೈಟರುಗಳನ್ನು ತಂದ. ಮೊದಲ ಡಯೋಡು ಬೆಸುಗೆಯ ವೇಳೆ ಸ್ಥಿರವಿದ್ಯುತ್ತಿಗೆ ಸತ್ತಿತು. ಎರಡನೆಯದು ಕೆಪಾಸಿಟರಿನಲ್ಲಿ ಉಳಿದಿದ್ದ ಆವೇಶಕ್ಕೆ ಬಲಿಯಾಯಿತು. ಸತ್ತ ಡಯೋಡು ಪೂರ್ತಿ ಆರುವುದಿಲ್ಲ, ಮಂಕು ಕೆಂಪಾಗಿ ಮಿಣುಗುತ್ತದೆ. ಅದನ್ನು ನೋಡುತ್ತ ಅವನು ಊಟ ಬಿಟ್ಟ ರಾತ್ರಿ ನನಗೆ ನೆನಪಿದೆ. ಆದರೆ ಇದಕ್ಕೆಲ್ಲ ಮುಂಚೆಯೇ, ಮೊದಲ ತಂತಿಯನ್ನು ಕತ್ತರಿಸುವ ಮೊದಲೇ, ಅವನು ಹಟ ಹಿಡಿದು ತರಿಸಿಕೊಂಡದ್ದು ಆ ಕೆಂಪು ತರಂಗಕ್ಕೆಂದೇ ಮಾಡಿದ ರಕ್ಷಣೆಯ ಕನ್ನಡಕ. ಅದರ ಬೆಲೆ ಉಳಿದೆಲ್ಲ ಸಾಮಾನಿನ ಬೆಲೆಗಿಂತ ಹೆಚ್ಚು. ಎರಡು ಜೊತೆ ಬೇಕೆಂದ. ಇನ್ನೊಂದು ಯಾರಿಗೆಂದು ಕೇಳಿದೆ. "ನೀವು ನೋಡಲು ಬರುತ್ತೀರಲ್ಲ" ಎಂದ.

ಮೂರನೆಯ ಡಯೋಡನ್ನು ಬರುವ ಭಾನುವಾರ ಜೋಡಿಸುತ್ತಾನೆ. ನಕ್ಕ ಹಿರಿಯರಿಗೆ ಆಹ್ವಾನವಿದೆ. ಕನ್ನಡಕ ಎರಡೇ ಇರುವುದರಿಂದ ಕೋಣೆಯೊಳಕ್ಕೆ ಒಬ್ಬೊಬ್ಬರಾಗಿ ಬರಬೇಕು. ನನ್ನದನ್ನು ಬಿಟ್ಟುಕೊಟ್ಟು ನಾನು ಹೊರಗೆ ಕಾಫಿ ಮಾಡುತ್ತಿರುತ್ತೇನೆ.